ನಲವತ್ತೆಂಟರಲ್ಲಿ ಡ್ರೋನ್ ಪೈಲಟ್

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ದಿನ ಹರಪನಹಳ್ಳಿಯ ಶಾಲೆಯೊಂದರ ಬಾಗಿಲಲ್ಲಿ ಮೇಷ್ಟ್ರು ನನ್ನನ್ನು ತಡೆದರು.

“ಪಾಲಕರು ಗೇಟಿನ ಹೊರಗ ನಿಲ್ಬೇಕ್ರಿ ಅಮ್ಮಾ.”

“ನಾ ಬರಿಯಾಕ ಬಂದೀನ್ರಿ,” ಎಂದು ಹಾಲ್ ಟಿಕೆಟ್ ತೋರಿಸಿದೆ. ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ನನಗಾಗ ನಲವತ್ತೇಳು ವರ್ಷ. ಒಳಗೆ ನನ್ನ ಪಕ್ಕದ ಬೆಂಚಿನಲ್ಲಿದ್ದ ಹುಡುಗಿ ಎದ್ದು ನಿಂತು ನಮಸ್ಕಾರ ಮಾಡಿದಳು. ನಾನು ಕೂತು ಪೆನ್ನಿನ ಮುಚ್ಚಳ ತೆಗೆದೆ.

ಇದಕ್ಕೆಲ್ಲ ಕಾರಣ ಒಂದು ನಾಝಲ್. ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಗಂಡನದೊಂದು ಅಂಗಡಿಯಿದೆ. ಹೊಲಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಪಂಪುಗಳ ರಿಪೇರಿ ನಮ್ಮ ಕೆಲಸ. ಅವರ ಬೆನ್ನು ನೋವು ಹೆಚ್ಚಾದ ಮೇಲೆ ಪಂಪು ಬಿಚ್ಚುವುದು, ವಾಷರ್ ಬದಲಿಸುವುದು, ಎಣ್ಣೆ ಚಿಮ್ಮುವ ನಾಝಲ್ ತೊಳೆಯುವುದು ಎಲ್ಲ ನನ್ನ ಕೈಗೇ ಬಂತು. ಹಿಂದಿನ ವರ್ಷ ಊರಾಚೆಯ ಮೆಕ್ಕೆಜೋಳದ ಹೊಲದಲ್ಲಿ ಎಣ್ಣೆ ಹೊಡೆಯುವ ಡ್ರೋನ್ ಹಾರಿಸಿ ತೋರಿಸುವ ಕಾರ್ಯಕ್ರಮವಿತ್ತು. ನಡುವೆ ನಾಝಲ್ ಕಟ್ಟಿಕೊಂಡು ನಿಂತುಹೋಯಿತು. ಯಾರೋ ನಮ್ಮ ಅಂಗಡಿಗೆ ಫೋನ್ ಮಾಡಿದರು, ನಾನು ಹೋದೆ. ತೊಳೆದು ಹಾಕಿ ಕೊಟ್ಟ ಎರಡು ನಿಮಿಷಕ್ಕೆ ಅದು ಆರೂ ರೆಕ್ಕೆ ತಿರುಗಿಸಿಕೊಂಡು ಮೇಲೆದ್ದಿತು. ಆಳೆತ್ತರ ಬೆಳೆದ ಜೋಳದ ಮೇಲೆ ಹಾದುಹೋದಾಗ ತೆನೆಗಳೆಲ್ಲ ಎರಡು ಪಾಲಾಗಿ ಬಾಗಿದವು. ಅಂಥ ಬೆಳೆಯೊಳಗೆ ಪಂಪು ಹೊತ್ತು ನುಗ್ಗಿ, ಎಣ್ಣೆ ಮೈಮೇಲೆ ಸುರಿಸಿಕೊಂಡು, ವಾಂತಿ ಮಾಡುತ್ತ ಬಂದು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತವರನ್ನು ಎಷ್ಟೋ ಸಲ ನೋಡಿದ್ದೆ.

“ಇದನ್ನ ಯಾರ್ ಬೇಕಾದ್ರೂ ಕಲೀಬೋದೇನಪಾ?” ಎಂದು ಹಾರಿಸುತ್ತಿದ್ದವನನ್ನು ಕೇಳಿದೆ.

ಅವನು ನಕ್ಕ. “ಎಸ್ಸೆಸ್ಸೆಲ್ಸಿ ಆಗಿರ್ಬೇಕು ಆಂಟಿ.”

ನನ್ನ ಓದು ಒಂಬತ್ತನೇ ಕ್ಲಾಸಿಗೆ ಮುಗಿದಿತ್ತು. ಆಮೇಲೆ ಮದುವೆ. ಅವನು ಷರತ್ತು ಹೇಳಿದ್ದಕ್ಕೆ ನನಗೆ ಬೇಸರವಾಗಲಿಲ್ಲ. ನಕ್ಕಿದ್ದು ಮಾತ್ರ ತಲೆಯಲ್ಲಿ ಉಳಿಯಿತು.

ಮನೆಯಲ್ಲಿ ನಾವು ಆಡುವುದು ಉರ್ದು. ಆ ಮಾತುಗಳನ್ನೂ ಇಲ್ಲಿ ನಮ್ಮೂರ ಕನ್ನಡದಲ್ಲೇ ಬರೆಯುತ್ತೇನೆ. ನಾನು ಪರೀಕ್ಷೆಗೆ ಕಟ್ಟಿದ್ದೇನೆಂದು ತಿಳಿದು ನನ್ನ ಅಣ್ಣ ಮನೆಗೆ ಬಂದ.

“ಮೊಮ್ಮಗಳನ್ನ ಆಡಿಸೋ ವಯಸ್ಸಿನ್ಯಾಗ ಇದೇನು? ನಾಲ್ಕು ಮಂದಿ ನಗ್ತಾರ.”

“ಮೊಮ್ಮಗಳು ತಾನೇ ಆಡ್ತಾಳ. ನಗೋ ನಾಲ್ಕು ಮಂದಿ ಯಾರು ಅಂತ ಹೇಳು, ಅವ್ರ ಮನಿಗೇ ಹೋಗಿ ಬರ್ತೀನಿ,” ಎಂದೆ.

ಚಹಾ ಕುಡಿಯದೆ ಎದ್ದು ಹೋದ. ನನ್ನ ಗಂಡ ಮಾತ್ರ, “ಗಣಿತ ಯಾರು ಹೇಳಿಕೊಡ್ತಾರ?” ಎಂದು ಕೇಳಿದರು. ಅದು ಒಪ್ಪಿಗೆ ಎಂದು ನನಗೆ ಅರ್ಥವಾಯಿತು.

ಗಣಿತ ಯಾರೂ ಸರಿಯಾಗಿ ಹೇಳಿಕೊಡಲಿಲ್ಲ. ಫೇಲಾದೆ. ಉಳಿದೆಲ್ಲ ವಿಷಯ ಪಾಸಾಗಿ ಅದೊಂದೇ ಉಳಿಯಿತು. ಆ ವಾರ ಅಂಗಡಿಗೆ ಬಂದ ಪ್ರತಿ ಗಿರಾಕಿಯೂ ನನ್ನ ಮುಖ ನೋಡಿ ಬೇರೆ ಕಡೆ ತಿರುಗುತ್ತಿದ್ದಾನೆ ಅನಿಸುತ್ತಿತ್ತು. ನಿಜವೋ, ನನ್ನ ಭ್ರಮೆಯೋ. ಮಗಳು ಹತ್ತಿರದ ಊರಿನಿಂದ ಪ್ರತಿ ಭಾನುವಾರ ಬಂದು ಹೇಳಿಕೊಟ್ಟಳು. ನನ್ನ ತಲೆಗೆ ಹತ್ತದಿದ್ದಾಗ ಅವಳೇ ಬೈಯುತ್ತಿದ್ದಳು, ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ಮರುಪರೀಕ್ಷೆಯಲ್ಲಿ ಪಾಸಾದೆ. ಫಲಿತಾಂಶ ಬಂದ ಮರುದಿನವೇ ಹಗರಿಬೊಮ್ಮನಹಳ್ಳಿಯ ಬಸ್ ಹತ್ತಿದೆ. ಅಲ್ಲಿನ ರೈತರ ಕಂಪನಿಯೊಂದು ಡ್ರೋನ್ ತರಿಸಿ ಪೈಲಟ್ ಹುಡುಕುತ್ತಿತ್ತು. ಆಯ್ಕೆಯಾದರೆ ತರಬೇತಿಗೆ ಅವರೇ ಕಳಿಸುತ್ತಿದ್ದರು.

ಅಲ್ಲಿನ ಮ್ಯಾನೇಜರು ಅರ್ಜಿ ತಿರುವಿ ನೋಡಿ, “ನಮಗ ಸ್ವಲ್ಪ ಸಣ್ಣ ವಯಸ್ಸಿನೋರು ಬೇಕಾಗಿತ್ರಿ,” ಎಂದರು.

“ಸಣ್ಣ ವಯಸ್ಸಿನೋರು ಇಬ್ರು ಬಂದು ಬಿಟ್ಟು ಹೋಗ್ಯಾರಂತ ಹೊರಗ ಹೇಳಿದ್ರು. ನಾ ಎಲ್ಲಿಗೂ ಹೋಗಂಗಿಲ್ಲ. ಮಷೀನ್ ಕೆಟ್ರ ರಿಪೇರಿನೂ ನಾನೇ ಮಾಡ್ತೀನಿ.”

ಅವರು ಅರ್ಜಿಯನ್ನು ವಾಪಸ್ ಕೊಡಲಿಲ್ಲ.

ತರಬೇತಿ ಕೇಂದ್ರದಲ್ಲಿ ಕಲಿಸುವವನಿಗೆ ನನ್ನ ಮಗಳ ವಯಸ್ಸು. ಮೊದಲ ದಿನ ಅವನು ಮರದ ಕೆಳಗೆ ಕುರ್ಚಿ ಹಾಕಿಸಿ, “ನೀವು ನೆರಳಿನ್ಯಾಗ ಕೂತು ನೋಡ್ರಮ್ಮಾ,” ಎಂದ. ನಾನು ಕುರ್ಚಿಯನ್ನು ತೆಗೆದು ಗೋಡೆಗೆ ಒರಗಿಸಿ ಬಿಸಿಲಲ್ಲಿ ಸಾಲಿಗೆ ನಿಂತೆ. ಬುರ್ಖಾದ ತುದಿ ರೆಕ್ಕೆಗೆ ಸಿಕ್ಕಬಾರದೆಂದು ಅವನು ಹೇಳಿದ್ದು ಸರಿಯಾಗಿತ್ತು. ಆ ಸಂಜೆಯೇ ಮೈಗೆ ಹತ್ತುವ ಉದ್ದನೆಯ ಕೋಟೊಂದನ್ನು ಹೊಲಿದುಕೊಂಡೆ, ದುಪಟ್ಟಾವನ್ನು ತಲೆಗೆ ಬಿಗಿಯಾಗಿ ಕಟ್ಟಿಕೊಂಡೆ.

ಕಷ್ಟವಾಗಿದ್ದು ಬೇರೆ. ಡ್ರೋನಿನ ಮೂತಿ ಆಚೆ ಇದ್ದಾಗ ಎಲ್ಲ ಸರಾಗ. ಅದು ನನ್ನ ಕಡೆ ತಿರುಗಿದ ಕೂಡಲೇ ನನ್ನ ಎಡ ಅದರ ಬಲವಾಗುತ್ತಿತ್ತು. ಮೂರನೇ ದಿನ ಎಡಕ್ಕೆ ತರಲು ಹೋಗಿ ಬಲಕ್ಕೆ ಒಯ್ದು ಬೇಲಿಗೆ ಹೊಡೆದೆ. ಎರಡು ರೆಕ್ಕೆ ಮುರಿದವು. ಹಿಂದೆ ಯಾರೋ ಕಿಸಕ್ಕೆಂದರು. ಸ್ಕ್ರೂಡ್ರೈವರ್ ಕೇಳಿ ತೆಗೆದುಕೊಂಡು ಅಲ್ಲೇ ಕೂತು ಹೊಸ ರೆಕ್ಕೆ ಜೋಡಿಸಿದೆ. ಜೋಡಿಸುವಾಗಲೇ ಹೊಳೆಯಿತು: ನಾನು ಹೊರಗೆ ನಿಂತು ಅದನ್ನು ನೋಡುತ್ತಿದ್ದೇನೆ, ಅದೇ ತಪ್ಪು. ಅದರೊಳಗೆ ಕೂತಿದ್ದೇನೆ ಅಂದುಕೊಳ್ಳಬೇಕು. ಆಗ ಎಡ ಎಂದಿಗೂ ಎಡವೇ. ಮತ್ತೆ ಹಾರಿಸಿದಾಗ ನಾನು ಆ ಬಯಲಿನ ಮೇಲಿದ್ದೆ, ಕೆಳಗೆ ಕೋಟು ತೊಟ್ಟು ನಿಂತ ಹೆಂಗಸೊಬ್ಬಳು ಸಣ್ಣಗೆ ಕಾಣುತ್ತಿದ್ದಳು. ಗಾಳಿಯಲ್ಲಿ ಎಂಟರ ಆಕಾರ ಬರೆದು ಇಳಿಸಿದೆ. ಕೊನೆಯ ದಿನದ ಪರೀಕ್ಷೆ ಒಂದೇ ಸಲಕ್ಕೆ ಆಯಿತು.

ಪೈಲಟ್ ಕಾರ್ಡು ಬಂದಾಗ ಅಣ್ಣ ಯಾರದೋ ಬಾಯಲ್ಲಿ ಹೇಳಿ ಕಳಿಸಿದ, ಆಟಿಗೆ ಸಾಮಾನು ಹಾರಿಸೋರೂ ಪೈಲಟ್ ಆದ್ರಾ ಅಂತ. ಕಾರ್ಡಿನ ಮೇಲೆ ಸರಕಾರ ಹಾಗೆಂದೇ ಬರೆದಿದೆ, ಬೇಕಾದರೆ ಸರಕಾರದ ಜೊತೆ ಜಗಳಾಡು ಎಂದು ತಿರುಗಿ ಹೇಳಿ ಕಳಿಸಿದೆ.

ಕೆಲಸಕ್ಕೆ ಸೇರಿದ ಎರಡನೇ ವಾರ ಉಚ್ಚಂಗಿದುರ್ಗದ ಹತ್ತಿರ ಒಂದು ದೊಡ್ಡ ಹೊಲ. ಬ್ಯಾಟರಿ ಹೊರಲು, ಎಣ್ಣೆ ಕಲೆಸಲು ನನ್ನ ಗಂಡನೇ ಜೊತೆ ಬಂದಿದ್ದರು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದರು. ಹೊಲದ ಯಜಮಾನರು ನೇರ ಅವರ ಹತ್ತಿರ ಹೋಗಿ, “ಬರ್ರಿ ಪೈಲಟ್ರ, ಈ ಕಡಿಂದ ಶುರು ಮಾಡ್ರಿ,” ಎಂದರು.

“ನಾನು ಬ್ಯಾಟರಿ ಹೊರಾವ ರೀ. ಪೈಲಟ್ ಅಕಿ,” ಎಂದರು ನನ್ನ ಗಂಡ, ಬ್ಯಾಟರಿ ಕೆಳಗಿಡುತ್ತ.

ಯಜಮಾನರಿಗೆ ಅದು ಹಿಡಿಸಲಿಲ್ಲ. ಅಷ್ಟರಲ್ಲಿ ಗಾಳಿ ಎದ್ದಿತು. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆ ಜೋರಾಗಿ ತಿರುಗತೊಡಗಿದವು. ಗಾಳಿ ಬೀಸುತ್ತಿದ್ದ ಕಡೆಗೆ ಪಕ್ಕದ ಬೀಳು ಹೊಲದಲ್ಲಿ ಯಾರದೋ ಕುರಿ ಹಿಂಡು ಮೇಯುತ್ತಿತ್ತು. ಎಣ್ಣೆ ಹಾರಿ ಆ ಹುಲ್ಲಿನ ಮೇಲೆ ಬೀಳುವುದು ಖಂಡಿತ.

“ಇವತ್ತು ಆಗಂಗಿಲ್ರಿ. ನಾಳಿ ನಸುಕಿನ್ಯಾಗ ಬರ್ತೀವಿ,” ಎಂದೆ.

“ಎಣ್ಣಿ ಕಲಸಿ ಇಟ್ಟೈತಿ. ಗಂಡಸರಾಗಿದ್ರ ಹಾರಿಸ್ತಿದ್ರು. ಧೈರ್ಯ ಇಲ್ಲಂದ್ರ ಯಾಕ ಬಂದ್ರಿ?”

“ಹಾರಿಸಾಕ ಯಾರಿಗಾದ್ರೂ ಬರ್ತೈತ್ರಿ. ಬ್ಯಾಡ ಅನ್ನೋದೂ ನನ್ನ ಕೆಲಸಾನ.”

ಅವರು ಮ್ಯಾನೇಜರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಹತ್ತೇ ನಿಮಿಷ, ಒಂದು ಸುತ್ತು ಹಾರಿಸಿ ಅವರನ್ನು ಸಮಾಧಾನ ಮಾಡ್ರಿ ಎಂದರು ಮ್ಯಾನೇಜರು. ನಾನು ಕುರಿಗಳ ಕಡೆ ನೋಡಿದೆ. ಕೆಲಸ ಹೋದರೆ ಅಣ್ಣ ಏನನ್ನುತ್ತಾನೆ ಎಂಬುದೂ ತಲೆಯಲ್ಲಿ ಬಂದಿತು. “ರಿಮೋಟ್ ನನ್ನ ಕೈಯಾಗ ಐತ್ರಿ ಸರ್. ಹಾರಸಂಗಿಲ್ಲ,” ಎಂದು ಫೋನ್ ತಿರುಗಿ ಕೊಟ್ಟೆ.

ವಾಪಸ್ ಬರುವಾಗ ಕೆಲಸ ಹೋಯಿತೆಂದೇ ನಾನು ತಿಳಿದಿದ್ದೆ. ಸಂಜೆ ಮ್ಯಾನೇಜರು ಫೋನ್ ಮಾಡಿ, “ನಾಳಿ ಎಷ್ಟೊತ್ತಿಗೆ ಹೋಗ್ತೀರಿ?” ಎಂದಷ್ಟೇ ಕೇಳಿದರು. ಮರುದಿನ ಬೆಳಕು ಹರಿಯುವಾಗ ಒಂದು ಎಲೆ ಅಲುಗುತ್ತಿರಲಿಲ್ಲ. ಬಿಸಿಲೇರುವಷ್ಟರಲ್ಲಿ ಇಡೀ ಹೊಲ ಮುಗಿಸಿದೆವು. ಯಜಮಾನರು ನನಗೆ ಒಳ್ಳೆಯ ಮಾತೇನೂ ಹೇಳಲಿಲ್ಲ. ಕೆರೆಯಾಚೆ ಇನ್ನೊಂದು ಹೊಲ ಇದೆ, ಯಾವಾಗ ಬರ್ತೀರಿ ಎಂದು ಈ ಸಲ ನನ್ನನ್ನೇ ಕೇಳಿದರು.

ಈಗ ಕೋಗಳಿ, ಕೊಟ್ಟೂರು, ಹಡಗಲಿ ಕಡೆಯ ಹೊಲಗಳ ವಿದ್ಯುತ್ ತಂತಿಗಳು ಎಲ್ಲೆಲ್ಲಿ ಹಾದುಹೋಗಿವೆ ಎಂಬುದು ನನಗೆ ಬಾಯಿಪಾಠ. ಮೊನ್ನೆ ಮನೆ ಮನೆ ಲೆಕ್ಕ ಬರೆಯಲು ಬಂದಾತ ನನ್ನ ಹೆಸರಿನ ಮುಂದೆ ಕೇಳದೆಯೇ ಗೃಹಿಣಿ ಎಂದು ಬರೆಯುತ್ತಿದ್ದ.

“ಪೈಲಟ್ ಅಂತ ಬರೀರಿ.”

“ವಿಮಾನದ್ದೇನ್ರಿ?”

“ಯಾತರದ್ದು ಅಂತ ಫಾರಂನ್ಯಾಗ ಕೇಳ್ಯಾರೇನು?”

ಅವನು ಫಾರಂ ನೋಡಿದ. ಕೇಳಿರಲಿಲ್ಲ. ಬರೆದದ್ದನ್ನು ಹೊಡೆದು ಹಾಕಿ ಬರೆದ. ಅಕ್ಷರ ಸರಿಯಾಗಿದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿ, ಸಹಿ ಮಾಡಿ ಕೊಟ್ಟೆ.