ಅಂದಾಜಿಗೊಂದು ಜಾಗ

ಅವರ ಎಡಗಾಲು ಎಂದೂ ಸುಮ್ಮನಿರುತ್ತಿರಲಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತರೆ ಸಾಕು, ಕಾಲುಂಗುರ ನೆಲದ ಶಹಾಬಾದ್ ಕಲ್ಲಿಗೆ ತಾಕಿ ಟಕ್ ಟಕ್ ಎನ್ನುವುದು ಕೆಳಗಿನ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಸಪ್ಪಳ ಜೋರಾದರೆ ಮೇಲೆ ಏನೋ ಸಿಕ್ಕಿಕೊಂಡಿದೆ ಎಂದು ತಿಳಿಯುತ್ತಿದ್ದೆ. ನಿಂತೇ ಚಹಾ ಕುಡಿಯುತ್ತಿದ್ದರು, ಅದೂ ಅರ್ಧ. ಉಳಿದರ್ಧದ ಮೇಲೆ ಕಪ್ಪಿನ ಬಸಿ ಮುಚ್ಚಿ ಮರೆಯುತ್ತಿದ್ದರು.

ಸುರಪುರದ ನಮ್ಮ ಮನೆಯ ಮಹಡಿಯಲ್ಲಿ ಅವರು ಮೂರು ವರ್ಷ ಬಾಡಿಗೆಗಿದ್ದರು. ನಾನು ಅಕ್ಕಾರ ಎನ್ನುತ್ತಿದ್ದೆ. ಊರಿನ ರಕ್ತಪರೀಕ್ಷೆಯ ಲ್ಯಾಬಿನಿಂದ ಯಾದಗಿರಿಯ ಆಸ್ಪತ್ರೆಗೆ ರಿಪೋರ್ಟುಗಳು ಕಂಪ್ಯೂಟರಿನಿಂದ ಕಂಪ್ಯೂಟರಿಗೇ ಹೋಗುತ್ತಿದ್ದವು. ಹಾಗೆ ಹೋಗುವ ಮಾಹಿತಿಯ ಕಟ್ಟಿಗೆ ಜೇಸನ್ ಎಂದೂ, ಅದರಲ್ಲಿ ಯಾವ ಖಾನೆಯಲ್ಲಿ ಅಂಕಿ, ಯಾವುದರಲ್ಲಿ ಅಕ್ಷರ ಇರಬೇಕು ಎಂಬ ನಿಯಮಪಟ್ಟಿಗೆ ಸ್ಕೀಮಾ ಎಂದೂ ಅವರೇ ನನಗೆ ಹೇಳಿಕೊಟ್ಟದ್ದು. ನಿಯಮಕ್ಕೆ ಹೊಂದದ ಕಟ್ಟನ್ನು ತಡೆಯುವುದು ಅವರ ಕೆಲಸ.

ಒಮ್ಮೆ ನನ್ನ ಅಡುಗೆಮನೆಯ ಡಬ್ಬಿಗಳನ್ನು ತೋರಿಸಿ ಅಂದಿದ್ದರು: “ಡಬ್ಬಿ ತಗದು ನೋಡಿದಿ, ಸಕ್ರಿ ಇಲ್ಲ. ಇದು ಸೊನ್ನಿ. ಡಬ್ಬಿನೇ ತಗದಿಲ್ಲ. ಇದು ಗೊತ್ತಿಲ್ಲ. ಎರಡೂ ಒಂದೇ ಖಾನೆದಾಗ ಹಾಕಬಾರದು ತಂಗಿ.”

ಒಂದು ದಿನ ಮಧ್ಯಾಹ್ನ ಯಾದಗಿರಿಯ ಡಾಕ್ಟರ್ ಫೋನ್ ಮಾಡಿದರು. ನಮ್ಮ ಅತ್ತೆಯ ಕಾಲು ಊದಿ ವಾರವಾಗಿತ್ತು. ಕಿಡ್ನಿಯ ರಿಪೋರ್ಟ್ ಇನ್ನೂ ತಮಗೆ ಬಂದಿಲ್ಲ, ಅದನ್ನು ನೋಡದೆ ಹೊಸ ಗುಳಿಗೆ ಶುರುಮಾಡಲಾರೆ ಎಂದರು. ಒಲೆ ಆರಿಸಿ ಮೆಟ್ಟಿಲು ಹತ್ತಿದೆ.

“ಅಕ್ಕಾರ, ಅತ್ತಿಯವರ ರಿಪೋರ್ಟ್ ಎಲ್ಲಿ ನಿಂತದ ನೋಡ್ರಿ.”

“ನಾನ ತಡದೀನಿ,” ಎಂದು ಪರದೆ ನನ್ನ ಕಡೆ ತಿರುಗಿಸಿದರು. ವಯಸ್ಸಿನ ಖಾನೆಯಲ್ಲಿ 60-70 ಎಂದಿತ್ತು. ಅತ್ತೆ ಬಾಯಿಬಿಟ್ಟು ಹೇಳಿದ್ದನ್ನೇ ಲ್ಯಾಬಿನ ಹುಡುಗಿ ಹಾಗೇ ಬರೆದಿದ್ದಳು. “ಇದು ವಯಸ್ಸೋ, ಬಸ್ಸಿನ ನಂಬರೋ? ಒಂದು ಅಂಕಿ ಬೇಕು.”

“ಇವತ್ತೊಂದಿನ ಬಿಡ್ರಿ.”

“ಬಿಟ್ರ ಏನಾಗ್ತದ ಗೊತ್ತೇನು? ನಾ ಬರೂಕಿಂತ ಮೊದಲ ಹಿಂಗ ಬಿಟ್ಟಿದ್ರು. ನಡುವಿನ ಗೀಟು ಬಿದ್ದು ಹೋಗಿ ಒಬ್ಬಾಕಿ ಮುದುಕಿಗಿ ಆರು ಸಾವಿರದ ಎಪ್ಪತ್ತು ವರ್ಷ ಆಗಿದ್ದವು.”

ನನಗೆ ನಗು ಬರಲಿಲ್ಲ. ದನಿ ಏರಿಸಬಾರದೆಂದು ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತವಳು ನಾನು. ಆ ಹೊತ್ತಿಗೆ ಎಲ್ಲ ಮರೆತೆ. “ಅಲ್ಲಿ ನಮ್ಮತ್ತಿ ನರಳಾಕತ್ಯಾರ, ಇಲ್ಲಿ ನಿಮಗ ಗೀಟಿನ ಚಿಂತಿ. ಅರವತ್ತು ಅಂತ ಬರದು ಕಳಿಸ್ರಿ!”

ಕಾಲುಂಗುರದ ಸಪ್ಪಳ ನಿಂತಿತು.

“ಬರೀತೀನಿ. ಅರವತ್ತು ಅಂಕಿ ಅದ, ಸ್ಕೀಮಾ ಹೋಗು ಅಂತದ. ಅದಕ್ಕ ಅಂಕಿ ಹೌದೋ ಅಲ್ಲೋ ಅಷ್ಟ ತಿಳೀತದ, ಖರೇ ಸುಳ್ಳು ತಿಳಿಯಂಗಿಲ್ಲ. ಕಿಡ್ನಿ ಎಷ್ಟು ಕೆಲಸ ಮಾಡ್ತದ ಅಂತ ಆ ಕಡಿ ಕಂಪ್ಯೂಟರ್ ವಯಸ್ಸು ಹಿಡಿದ ಲೆಕ್ಕ ಹಾಕ್ತದ. ಗುಳಿಗಿ ಅದರ ಮ್ಯಾಲ ಕೊಡ್ತಾರ. ಈಗ ನೀನ ಹೇಳು, ಬರೀಲೇನು?”

ನಿಜವಾದ ವಯಸ್ಸು ಹುಡುಕಲು ಕೆಳಗಿಳಿದೆ. ಅತ್ತೆ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದರು. ಗುರುತಿನ ಚೀಟಿ ತೆಗೆದು ನೋಡಿದೆ. ಅದರ ಪ್ರಕಾರ ಐವತ್ತೆಂಟು.

“ಅದು ಬರಿಯಾಂವ ತನಗ ತಿಳದಂಗ ಬರಕೊಂಡದ್ದು,” ಎಂದರು ಅತ್ತೆ. “ಅರವತ್ತು ಎಪ್ಪತ್ತು ಇರಬೇಕ್ನೋಡು.”

“ಹಂಗಂದ್ರ ಆಗಂಗಿಲ್ರಿ ಅತ್ತಿ, ಸರಿಯಾಗಿ ಹೇಳ್ರಿ.”

“ಯಾಕವ್ವ, ನನಗೇನರ ವರ ನೋಡಾಕತ್ತೀರೇನು?”

ಹಿಂದೆಯೇ ಇಳಿದು ಬಂದಿದ್ದ ಅಕ್ಕ ಅತ್ತೆಯ ಎದುರು ನೆಲಕ್ಕೆ ಕೂತರು. “ಯವ್ವಾ, ನಿನ್ನ ಜೋಡಿ ಹುಟ್ಟಿದವರು ಯಾರದಾರ?”

“ನಮ್ಮ ಸೋದರಮಾವನ ಮಗ ಅದಾನಲ್ಲ. ನಾ ತೊಟ್ಟಿಲದಾಗಿದ್ದಾಗ ಹುಟ್ಯಾನ. ಅವರಪ್ಪ ಸಾಲಿ ಮಾಸ್ತರ, ಹುಟ್ಟಿದ್ದು ಸತ್ತದ್ದು ಎಲ್ಲಾ ಪಂಚಾಂಗದಾಗ ಬರದಿಡ್ತಿದ್ದ.”

ಭೀಮರಾಯನಗುಡಿಯಲ್ಲಿದ್ದ, ನನಗೆ ವರಸೆಯಲ್ಲಿ ಮಾವನಾದ ಆ ಮಗನಿಗೆ ಫೋನ್ ಹಚ್ಚಿದೆ. ಪಂಚಾಂಗ ಇನ್ನೂ ಟ್ರಂಕಿನಲ್ಲಿತ್ತಂತೆ. ಅವರು ಅದನ್ನು ಹುಡುಕಿ ಮತ್ತೆ ಫೋನ್ ಮಾಡುವ ತನಕ ಅಕ್ಕ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿದರು. ನಾನು ಬಾಗಿಲಿಗೂ ಒಲೆಗೂ ತಿರುಗಿದೆ.

“ಮುಂದಿನ ತಿಂಗಳ ನನಗ ಅರವತ್ತೊಂಬತ್ತು ತುಂಬತಾವ,” ಎಂದರು ಮಾವ. “ನಿಮ್ಮತ್ತಿ ಮೂರು ತಿಂಗಳ ದೊಡ್ಡಾಕಿ. ಆ ಮೂರು ತಿಂಗಳ ಮ್ಯಾಲ ಇವತ್ತಿಗೂ ನನಗ ಬೈತಾಳ.”

ಅರವತ್ತೊಂಬತ್ತು ಎಂದು ಬರೆದ ರಿಪೋರ್ಟ್ ಹೋಯಿತು. ಸಂಜೆಗೆ ಡಾಕ್ಟರ್ ಗುಳಿಗೆ ಹೇಳಿದರು, ಅರ್ಧ ಮಾತ್ರ. ಅರವತ್ತಾಗಿದ್ದರೆ ಪೂರ್ತಿ ಕೊಡುತ್ತಿದ್ದೆ ಎಂದು ಮಾತಿನ ನಡುವೆ ಅಂದುಬಿಟ್ಟರು.

ನಾನು ಅಷ್ಟಕ್ಕೇ ಸಮಾಧಾನಪಟ್ಟೆ, ಅಕ್ಕ ಪಡಲಿಲ್ಲ. ಮರುದಿನ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ನನ್ನನ್ನು ತಡೆದು ಕೇಳಿದರು: “ಮಾಸ್ತರ ಮಾವ ಇರಲಾರದವರು ಏನ್ ಮಾಡಬೇಕು? ತಪ್ಪು ನಿಮ್ಮತ್ತಿದಲ್ಲ, ಆ ಹುಡುಗಿದೂ ಅಲ್ಲ. ಗೊತ್ತಿಲ್ಲ ಅನ್ನಾಕ ನಾವು ಜಾಗಾನೇ ಇಟ್ಟಿಲ್ಲ.”

ಆಸ್ಪತ್ರೆಯ ಕಂಪ್ಯೂಟರಿನವರೂ ಒಪ್ಪಬೇಕಿತ್ತು. ಇಬ್ಬರ ಸ್ಕೀಮಾ ಒಂದೇ ಇರಬೇಕಲ್ಲ. ಎರಡು ವಾರ ಅವರೊಂದಿಗೆ ಫೋನಿನಲ್ಲಿ ಜಗಳವಾಡುತ್ತ ಅಕ್ಕ ಮಾಳಿಗೆ ಸವೆಸಿದರು. ಕೊನೆಗೆ ವಯಸ್ಸಿನ ಪಕ್ಕದಲ್ಲಿ ಸಣ್ಣದೊಂದು ಚೌಕ ಬಂತು: ಅಂದಾಜು. ಅದನ್ನು ಒತ್ತಿ ಕಳಿಸಿದರೆ ಡಾಕ್ಟರರ ಪರದೆಯ ಮೇಲೆ ಆ ಅಂಕಿ ಕೆಂಪಗೆ ಕಾಣುತ್ತದೆ, ಅವರು ಎಚ್ಚರ ವಹಿಸುತ್ತಾರೆ.

ಮುಂದೆ ಅವರು ಕಲಬುರಗಿಗೆ ಹೋದರು. ಹೋದ ವರ್ಷ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಮೂರು ದಿನ ತಡವಾಗಿ. ಅಂದು ದನಿ ಏರಿಸಿದ್ದಕ್ಕೆ ತಪ್ಪಾಯಿತು ಎನ್ನುವುದು ನನ್ನೊಳಗೇ ಉಳಿಯಿತು.

ಮೊನ್ನೆ ಅತ್ತೆಯನ್ನು ಲ್ಯಾಬಿಗೆ ಕರೆದೊಯ್ದಿದ್ದೆ. ನಮ್ಮ ಮುಂದೆ ತಿಂಥಣಿಯ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಮೀನಿನ ಬುಟ್ಟಿಯನ್ನು ಹೊರಗೆ ಕಟ್ಟೆಯ ಮೇಲಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ವಯಸ್ಸೆಷ್ಟು ಎಂದು ಕೇಳಿದ್ದಕ್ಕೆ ಅಳುಕುತ್ತ, “ಯಾರಿಗ್ಗೊತ್ತವ್ವ, ಐವತ್ತಿರಬೇಕು,” ಎಂದಳು.

ಲ್ಯಾಬಿನ ಹುಡುಗಿ ಗದರಲಿಲ್ಲ, ಮರಳಿ ಕೇಳಲೂ ಇಲ್ಲ. ಐವತ್ತು ಎಂದು ಬರೆದಳು, ಪಕ್ಕದ ಚೌಕ ಒತ್ತಿದಳು. “ಬಾ ಯವ್ವಾ, ಕೈ ಚಾಚು,” ಎಂದಳು.