ಸನದು ಕೇಳಿದ್ದಕ್ಕೆ ಸಿಟ್ಟಾದ ವಕೀಲ

ಮೂರು ವರ್ಷದ ಹಿಂದಿನ ಮಾತು. ಹೊಸಪೇಟೆ ಕೋರ್ಟ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಾನು ಟೈಪಿಸ್ಟ್. ಲಾ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಟೈಪ್ ಮಾಡುತ್ತಾ, ಸಿಕ್ಕ ಕಾನೂನು ಪುಸ್ತಕ ಓದುತ್ತಾ ಕಲಿತವನು. ಆ ಹುಮ್ಮಸ್ಸಿನಲ್ಲಿ ಬಂದವರಿಗೆಲ್ಲ ಸೆಕ್ಷನ್ ವಿವರಿಸುತ್ತಿದ್ದೆ.

ಒಂದು ದಿನ ಎಮ್ಮಿಗನೂರಿನ ಹುಲಿಗೆಮ್ಮ ಬಂದರು. ಗದ್ದೆಗೆ ಕಾಲುವೆ ನೀರು ತಿರುಗಿಸುವ ಜಗಳದಲ್ಲಿ ಒಬ್ಬನ ತಲೆ ಒಡೆದು, ಅವರ ಗಂಡ ಈರಣ್ಣ ಹಲ್ಲೆ ಕೇಸಿನಲ್ಲಿ ಜೈಲು ಸೇರಿದ್ದರು. ವಕೀಲರನ್ನು ಹಿಡಿದು ಇಪ್ಪತ್ತು ದಿನ. ಕೇಳಿದಾಗಲೆಲ್ಲ ಜಡ್ಜ್ ರಜೆಯಂತೆ. ಜಾಮೀನು ಅರ್ಜಿ ಎಲ್ಲಿಗೆ ಬಂತು ನೋಡು ಅಂದರು.

ಕೋರ್ಟಿನ ವೆಬ್‌ಸೈಟ್ ನೋಡಿದೆ. ಕೇಸ್ ಇತ್ತು. ಜಾಮೀನು ಅರ್ಜಿಯನ್ನು ಯಾರೂ ಹಾಕಿಯೇ ಇರಲಿಲ್ಲ.

ಅವರ ಕೈಯಲ್ಲಿ ವಕಾಲತ್‌ನಾಮೆಯ ಪ್ರತಿ ಇತ್ತು, ಅಂದರೆ ಇವರು ನನ್ನ ವಕೀಲರು ಎಂದು ಬರೆದುಕೊಡುವ ಪತ್ರ. ಟೈಪ್ ಮಾಡಿದವನು ನಾನೇ. ಬಾರ್ ಕೌನ್ಸಿಲ್ ಕೊಡುವ ನೋಂದಣಿ ಸಂಖ್ಯೆಯ ಜಾಗ ಖಾಲಿ. ಅವರು ಹಿಡಿದ ವಕೀಲ ಕೋರ್ಟ್ ಹತ್ತಿರದ ಟೀ ಅಂಗಡಿಯಲ್ಲಿ ಕರಿ ಕೋಟು ಹಾಕಿ ಕೂರುವವನು; ಟೈಪ್ ಮಾಡಿಸುವಾಗೆಲ್ಲ ನಂಬರ್ ಆಮೇಲೆ ಕೈಯಲ್ಲಿ ಬರೆದುಕೊಳ್ಳುತ್ತೇನೆ ಅನ್ನುತ್ತಿದ್ದ.

ಅವನ ಸನದು, ಅಂದರೆ ವಕೀಲಿಕೆಯ ಪರವಾನಗಿ, ನೋಡಿದ್ದೀರಾ ಎಂದು ಕೇಳಿದೆ.

“ನಮ್ಮ ಮಾವನ ಊರವ್ರು ತಮ್ಮಾ. ಮನಿಗೆ ಕರದು ಕುಂದ್ರಿಸಿ, ಚಾ ಕೊಟ್ಟು, ಕಾಗದ ತೋರಸ್ರಿ ಅಂತ ಹೆಂಗ ಕೇಳ್ಲಿ?”

ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ಜನ ನಾವು. ವಕೀಲನನ್ನು ಹಿಡಿಯುವಾಗ ಮಾತ್ರ ಯಾರ ಕಡೆಯವನು ಅನ್ನುವುದಷ್ಟೇ ಸಾಕು.

ಇಬ್ಬರೂ ಟೀ ಅಂಗಡಿಗೆ ಹೋದೆವು. ನಂಬರ್ ಕೇಳಿದೆ.

“ಏನಲೇ, ಟೈಪ್ ಹೊಡಿಯಾವ ನನ್ನ ಸನದು ಕೇಳ್ತೀಯೇನು? ನಿನ್ನಂಥಾವ್ರು ನನ್ನ ಫೈಲ್ ಹೊತ್ಕಂಡು ತಿರುಗ್ತಾರ.”

“ತಿರುಗ್ಲಿ ಬಿಡ್ರಿ. ನಂಬರ್ ಹೇಳ್ರಿ ಸಾಕು.”

ಗ್ಲಾಸ್ ಅಲ್ಲೇ ಇಟ್ಟು ಬೈಕ್ ಹತ್ತಿದ. ವಕೀಲರ ಸಂಘದಲ್ಲಿ ವಿಚಾರಿಸಿದರೆ ಅವನು ವಕೀಲನೇ ಅಲ್ಲ, ಹಿಂದೆ ಯಾರ ಹತ್ತಿರವೋ ಗುಮಾಸ್ತನಾಗಿದ್ದವನು. ಟೀ ಅಂಗಡಿಯವನಿಗೆ ಇದು ಮೊದಲೇ ಗೊತ್ತಿತ್ತಂತೆ! ಪೊಲೀಸರಿಗೆ ದೂರು ಬರೆದದ್ದು ನಾನೇ. ಸಿಟ್ಟಿಗೆ ಎರಡು ಸಲ ತಪ್ಪು ಟೈಪ್ ಮಾಡಿದೆ.

ಸಂಘದಲ್ಲಿ ಸಿಕ್ಕ ವಕೀಲೆಯೊಬ್ಬರು ನಾವು ಕೇಳುವ ಮೊದಲೇ ಸನದು ತೆಗೆದು ಮೇಜಿನ ಮೇಲಿಟ್ಟರು. “ಮೊದ್ಲ ಇದನ್ನ ನೋಡ್ರಿ ಅಮ್ಮ, ಆಮ್ಯಾಲ ಕೇಸ್ ಹೇಳ್ರಿ.” ಮುಂದಿನ ವಾರವೇ ಜಾಮೀನು ಸಿಕ್ಕಿತು.

ಈರಣ್ಣ ಅಂಗಡಿಗೆ ಬಂದು ಕೈ ಮುಗಿದರು. ಆಮೇಲೆ ಮೆಲ್ಲಗೆ ಕೇಳಿದರು: “ಟೈಪ್ ಮಾಡುವಾಗ ನಂಬರ್ ಜಾಗ ಖಾಲಿ ಇದ್ದದ್ದು ನಿನಗ ಕಾಣ್ಲಿಲ್ಲೇನು ತಮ್ಮಾ?”

ಕಂಡಿತ್ತು. ದೊಡ್ಡವರನ್ನು ಹೇಗೆ ಕೇಳುವುದು ಎಂದು ನಾನೂ ಸುಮ್ಮನಿದ್ದೆ. ಸನದು ಕೇಳಿದರೆ ನಿಜವಾದ ವಕೀಲರ ಮರ್ಯಾದೆ ಹೋಗುವುದಿಲ್ಲ. ಕೇಳದಿದ್ದರೆ ಜೈಲಿನಲ್ಲಿ ಕೂತವನ ದಿನಗಳು ಹೋಗುತ್ತವೆ. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ, ಅದೂ ಈರಣ್ಣನ ಇಪ್ಪತ್ತು ದಿನ ತಿಂದು.