ಅಕ್ಕನಿಗಾದ ಉಷ್ಣ

ನಾನಿನ್ನೂ ಲಂಗ ಹಾಕಿಕೊಂಡು ಪಾರಿಶ್ವಾಡದ ಓಣಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ಚಿಕ್ಕವಳಿದ್ದಾಗ, ನನಗೆ ಜಡೆ ಹೆಣೆಯುತ್ತಿದ್ದವಳು ಅಕ್ಕ. ಒಂದು ವರ್ಷ ಅವಳಿಗೆ ಸಂಧಿವಾತ ಹತ್ತಿತು. ಬೆರಳಿನ ಗಂಟುಗಳೆಲ್ಲ ಬಾತು, ಬೆಳಗ್ಗೆ ಚೊಂಬು ಹಿಡಿಯಲೂ ಆಗದೆ ಅಳುತ್ತಿದ್ದಳು. ಅಪ್ಪ ಅವಳನ್ನು ಬೆಳಗಾವಿಯ ಡಾಕ್ಟರ ಹತ್ತಿರ ಕರೆದೊಯ್ದು ಗುಳಿಗೆ ತಂದರು. ಏನಾದರೂ ತ್ರಾಸ ಕಂಡರೆ ಗುಳಿಗೆ ನಿಲ್ಲಿಸಿ ಕೂಡಲೇ ಬರಬೇಕೆಂದು ಡಾಕ್ಟರು ಹೇಳಿದ್ದರಂತೆ.

ಕೆಲವು ವಾರಗಳಲ್ಲಿ ಬಾವು ಇಳಿಯಿತು. ಒಂದು ದಿನ ಬೆಳಗ್ಗೆ ಅಕ್ಕ ತಾನೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದಳು. ಅಬ್ಬಾ, ಆ ಟಪಟಪ ಸಪ್ಪಳ! ಅವ್ವ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಆದರೆ ಊಟಕ್ಕೆ ಕುಳಿತಾಗ ಅಕ್ಕನಿಗೆ ಬಾಯೆಲ್ಲ ಉರಿ. ಕುತ್ತಿಗೆ, ತೋಳುಗಳ ಮೇಲೆ ಕೆಂಪು ಗುಳ್ಳೆ ಎದ್ದಿದ್ದವು, ಮೈ ಕಾದಿತ್ತು.

ನಮ್ಮ ಕಡೆ ಮೈಮೇಲೆ ಏನೆದ್ದರೂ ಒಂದೇ ಮಾತು, ಉಷ್ಣ. ಅದನ್ನು ಯಾರೂ ತ್ರಾಸ ಎಂದು ತಿಳಿಯುತ್ತಲೇ ಇರಲಿಲ್ಲ. ಅವ್ವ ತಣ್ಣನೆಯ ಮಜ್ಜಿಗೆ ಕುಡಿಸಿ, ಅಂಗಾಲಿಗೆ ಹರಳೆಣ್ಣೆ ತಿಕ್ಕಿದಳು. ಗುಳಿಗೆ ಬೇಡವೆಂದು ಅಕ್ಕ ಮುಖ ತಿರುಗಿಸಿದಾಗ ಗಲ್ಲ ಹಿಡಿದು ರಮಿಸಿದಳು.

“ತೊಗೋ ನನ್ನವ್ವ. ಗುಳಿಗಿ ಉಷ್ಣ ಆಗೇತಿ, ಅಷ್ಟ. ಕೈ ಎಷ್ಟ ಛಂದ ಆಗ್ಯಾವ ನೋಡು, ಈಗ ಬಿಟ್ರ ಹ್ಯಾಂಗ?”

ಅಕ್ಕ ನುಂಗಿದಳು.

ಸಂಜೆಯ ಹೊತ್ತಿಗೆ ಮೈತುಂಬ ಬೊಬ್ಬೆ. ಮುಟ್ಟಿದಲ್ಲಿ ತೊಗಲು ಸುಲಿಯತೊಡಗಿತು. ಅಪ್ಪ ಖಾನಾಪುರದಿಂದ ಮೋಟಾರು ತರಿಸಿ ಬೆಳಗಾವಿಗೆ ಒಯ್ದರು. ಆ ಗುಳಿಗೆ ಅವಳ ಮೈಗೆ ಒಗ್ಗಿಲ್ಲ, ಮೊದಲ ಗುಳ್ಳೆ ಕಂಡಾಗಲೇ ನಿಲ್ಲಿಸಬೇಕಿತ್ತು ಎಂದರು ಡಾಕ್ಟರು. ನನ್ನ ಅಕ್ಕ ಮನೆಗೆ ಮರಳಲಿಲ್ಲ. ಯಾರೂ ಅವ್ವನನ್ನು ಬೈಯಲಿಲ್ಲ. ಅವಳೇ ಮುಂದೆ ಎಷ್ಟೋ ವರ್ಷ, ಕೆಲಸದ ನಡುವೆ ಕೈ ನಿಲ್ಲಿಸಿ, “ನಾನ ನುಂಗಿಸಿದೆ” ಎನ್ನುತ್ತಿದ್ದಳು.

ಮಕ್ಕಳೇ, ಹಿಂದವಾಡಿಯ ಈ ಮನೆಯಲ್ಲಿ ನಿಮ್ಮ ಮಮ್ಮಿಗೂ ಅದೇ ರೋಗ. ಹೋದ ತಿಂಗಳು ಅವಳ ತೋಳು ಕೆಂಪಾದದ್ದೇ ತಡ, ನೀವು ಫೋಟೊ ತೆಗೆದು ಡಾಕ್ಟರಿಗೆ ಕಳಿಸಿದಿರಿ. ಗುಳಿಗೆ ಅಂದೇ ನಿಂತಿತು, ಬೇರೆ ಔಷಧ ಬಂತು. ಮಮ್ಮಿ ಮರುವಾರವೇ ಆಫೀಸಿಗೆ ಹೋದಳು. ಎಲ್ಲ ಸರಿಯಾದ ಮೇಲೆ ಯಾಕ ಅಳಾಕತ್ತೀ ಆಯಿ ಎಂದು ನನ್ನನ್ನು ಕೇಳಿದಿರಲ್ಲ? ಸಂತೋಷಕ್ಕೂ ಅತ್ತೆ, ಹೊಟ್ಟೆಕಿಚ್ಚಿಗೂ ಅತ್ತೆ. ನನ್ನ ಅಕ್ಕ ಉಳಿಯಲು ಇಷ್ಟೇ ಸಾಕಿತ್ತು.